ಊರ ಗಾಳಿಯ ಪಾಲು

ಬದುಕಿರುವ ಮನುಷ್ಯನ ಎದೆಯಲ್ಲಿ ಎಷ್ಟು ಕಲ್ಲು ಸೇರಿದೆ ಎಂಬುದನ್ನು ಹೊರಗಿನಿಂದಲೇ ಅಳೆದು ಹೇಳುವ ಯಂತ್ರವನ್ನು ಇಂದುಮತಿ ಹಡಪದ ಮೊದಲ ಸಲ ಕಾರ್ಖಾನೆಯೊಳಕ್ಕೆ ತಂದ ದಿನ, ಅದರಲ್ಲಿ ಮಲಗಲು ಯಾರೂ ಮುಂದೆ ಬರಲಿಲ್ಲ. ಪಾಲಿಶ್ ವಿಭಾಗದ ಅರವತ್ತು ಮಂದಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಯಂತ್ರವೆಂದರೆ ಒಂದು ಕಿರಿದಾದ ಮಂಚ, ಅದರ ನಡುವೆ ಎದೆಯನ್ನು ಸುತ್ತುವರಿಯುವಂತೆ ಲಾರಿ ಟೈರಿನಷ್ಟು ದಪ್ಪದ ಬಿಳಿ ಬಳೆ. ಕೊನೆಗೆ ಮೌಲಾಲಿ ನದಾಫ ಎಂಬವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. ಮೂವತ್ತನಾಲ್ಕು ವರ್ಷದ ಆಳು. ಒಂಬತ್ತು ವರ್ಷದಿಂದ ಅಲ್ಲೇ ಕೆಲಸ.

"ಚುಚ್ಚೂದು ಗಿಚ್ಚೂದು ಇಲ್ಲಲ್ರಿ ಮೇಡಂ?"

"ಏನೂ ಇಲ್ಲ. ಹನ್ನೊಂದು ನಿಮಿಷ ಅಲುಗಾಡದಂಗ ಮಲಗಬೇಕು, ಅಷ್ಟ."

"ಡ್ಯೂಟ್ಯಾಗ ಹನ್ನೊಂದು ನಿಮಿಷ ಮಲಗಾಕ ಬಿಟ್ರ ದಿನಾ ಬರ್ತೀನ್ರಿ," ಎಂದ. ಗೋಡೆಗೆ ಒರಗಿದವರು ನಕ್ಕರು.

ಇಳಕಲ್ಲಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಕೈಗಾರಿಕಾ ವಸಾಹತಿನಲ್ಲಿದ್ದ ಆ ಕಾರ್ಖಾನೆಯಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲು ತಯಾರಾಗುತ್ತಿತ್ತು. ಬೆಣಚುಕಲ್ಲನ್ನು ಹಿಟ್ಟು ಮಾಡಿ, ಅಂಟಿನಲ್ಲಿ ಕಲೆಸಿ, ಒತ್ತಿ ಬೇಯಿಸಿದರೆ ಹಲಗೆ. ಹಲಗೆಯನ್ನು ಕೊಯ್ದು, ಅಂಚು ಉಜ್ಜಿ, ಕನ್ನಡಿಯ ಹಾಗೆ ಹೊಳೆಯಿಸುವುದು ಮೌಲಾಲಿಯಂಥವರ ಕೆಲಸ. ನೂರು ಪಾಲು ಹಲಗೆಯಲ್ಲಿ ತೊಂಬತ್ತು ಪಾಲು ಸಿಲಿಕಾ, ಅಂದರೆ ಬೆಣಚುಕಲ್ಲಿನ ಪುಡಿ. ಉಜ್ಜುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಮೂಗಿನಲ್ಲೇ ನಿಲ್ಲುತ್ತದೆ. ಕಾಣದೇ ಇರುವುದು ಪುಪ್ಪುಸದ ತಳಕ್ಕಿಳಿದು ಅಲ್ಲೇ ಮನೆ ಮಾಡಿಕೊಳ್ಳುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಅದರ ಸುತ್ತ ಮಾಂಸ ಗಂಟುಗಟ್ಟುತ್ತ ಹೋಗುತ್ತದೆ. ಅದಕ್ಕೆ ಮದ್ದಿಲ್ಲ.

ಸರ್ಕಾರಿ ಪ್ರಯೋಗಾಲಯದ ವಿಜ್ಞಾನಿಯಾಗಿ ಎಂಟು ವರ್ಷ ಇಂದುಮತಿ ಈ ಧೂಳನ್ನು ಹಳೆಯ ವಿಧಾನದಲ್ಲಿ ಅಳೆದಿದ್ದಳು. ಹತ್ತು ಮಂದಿಯಲ್ಲಿ ಒಬ್ಬನ ಸೊಂಟಕ್ಕೆ ಸಣ್ಣ ಪಂಪು ಕಟ್ಟಿ, ಕೊಳವೆಯನ್ನು ಕಾಲರಿಗೆ ಸಿಕ್ಕಿಸಿ, ಎಂಟು ತಾಸು ಅವನು ಉಸಿರಾಡುವ ಗಾಳಿಯನ್ನು ಎಳೆದು, ಒಂದು ಬಿಲ್ಲೆಯಷ್ಟಗಲದ ಸೋಸುಹಾಳೆಯ ಮೇಲೆ ಕೂತ ಧೂಳನ್ನು ಪ್ರಯೋಗಾಲಯದಲ್ಲಿ ತೂಗುವುದು. ವಿಧಾನದಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಕಾರ್ಖಾನೆಯವರಿಗೆ ಪಂಪಿನ ದಿನ ಮೊದಲೇ ಗೊತ್ತಿರುತ್ತಿತ್ತು. ಆ ದಿನ ನೆಲ ತೊಳೆದಿರುತ್ತಿತ್ತು, ಧೂಳು ಏಳದಂತೆ ಉಜ್ಜುಗಾಲಿಗಳಿಗೆಲ್ಲ ನೀರು ಧಾರಾಳವಾಗಿ ಬಿಟ್ಟಿರುತ್ತಿದ್ದರು. ಒಮ್ಮೆ ಪಂಪು ಕಟ್ಟಿಸಿಕೊಂಡವನನ್ನು ಅವಳು ಮಧ್ಯಾಹ್ನ ಹುಡುಕಿಕೊಂಡು ಹೋದರೆ ಅವನು ಗೇಟಿನ ಹೊರಗಿನ ತೋಟದಲ್ಲಿ ಕನಕಾಂಬರಕ್ಕೆ ನೀರು ಹಾಕುತ್ತಿದ್ದ. "ಸಾಹೇಬ್ರು ಇವತ್ತೊಂದಿನ ಇಲ್ಲೇ ಇರು ಅಂದಾರ್ರಿ," ಎಂದ. ಆ ದಿನದ ಹಾಳೆ ಹಾಲಿನಷ್ಟು ಬೆಳ್ಳಗಿತ್ತು. ವರದಿಯಲ್ಲಿ ಎಲ್ಲವೂ ಮಿತಿಯೊಳಗಿತ್ತು. ಅದೇ ತೋಟದ ಮನುಷ್ಯ ಮೂರು ವರ್ಷ ಕಳೆದು ನಲವತ್ತರೊಳಗೆ ಸತ್ತ.

ಆಮೇಲೆಯೇ ಅವಳು ಗಾಳಿಯನ್ನು ಬಿಟ್ಟು ಎದೆಯನ್ನೇ ಅಳೆಯುವ ದಾರಿ ಹುಡುಕತೊಡಗಿದ್ದು. ಬೆಣಚುಕಲ್ಲು ಒಡೆದಾಗ ಒಡೆದ ಮೈಮೇಲೆ ಜೋಡಿ ಕಳೆದುಕೊಂಡ ಎಲೆಕ್ಟ್ರಾನುಗಳು ಉಳಿಯುತ್ತವೆ. ಒಂದೊಂದೂ ಒಂದು ಅತಿ ಸಣ್ಣ ಅಯಸ್ಕಾಂತ. ಸುತ್ತ ಕಾಂತಕ್ಷೇತ್ರವಿಟ್ಟು ರೇಡಿಯೋ ಅಲೆ ಹಾಯಿಸಿದರೆ ಅವು ಒಂದು ನಿರ್ದಿಷ್ಟ ಅಲೆಯನ್ನು ಮಾತ್ರ ಹೀರುತ್ತವೆ. ಎಷ್ಟು ಹೀರಿದವೋ ಅಷ್ಟು ಕಲ್ಲು. ಎಲುಬು, ರಕ್ತ, ಮಾಂಸ ಯಾವುದೂ ಹಾಗೆ ಹೀರುವುದಿಲ್ಲ. ನಾಲ್ಕು ವರ್ಷದ ಕೆಲಸ ಒಂದು ಬಳೆಯಾಗಿ, ಒಂದು ಪರದೆಯ ಮೇಲೆ ಒಂದು ಅಂಕೆಯಾಗಿ ಮುಗಿದಿತ್ತು. ಪುಪ್ಪುಸ ತಾನೇ ತಾನಾಗಿ ಕಲ್ಲಾಗುತ್ತ ಹೋಗುವ ಹಂತಕ್ಕೆ ಅವಳು ನೂರು ಎಂದು ಹೆಸರಿಟ್ಟಿದ್ದಳು. ಇನ್ನು ಯಾರನ್ನೂ ತೋಟಕ್ಕೆ ಕಳಿಸಿ ಮುಚ್ಚಿಡುವಂತಿಲ್ಲ, ಒಬ್ಬೊಬ್ಬನ ಅಂಕೆ ಅವನವನ ಮೈಯೊಳಗೇ ಇದೆ ಎಂಬುದು ಅವಳ ನಂಬಿಕೆ.

ಹನ್ನೊಂದು ನಿಮಿಷ ಕಳೆದು ಪರದೆಯ ಮೇಲೆ ಐವತ್ತೆಂಟು ಎಂದು ಬಂತು.

ಮೌಲಾಲಿ ಎದ್ದು ಕೂತು ಅದನ್ನೇ ನೋಡಿದ. "ಐವತ್ತೆಂಟಕ್ಕ ಪಾಸ್ ಏನ್ರಿ?"

"ಇದು ಹೆಚ್ಚ ತಗೊಳ್ಳೂ ಮಾರ್ಕ್ಸ್ ಅಲ್ಲ ಮೌಲಾಲಿ," ಎಂದಳು ಇಂದುಮತಿ. "ಇಲ್ಲೆ ಕಡಿಮಿ ಬಂದವ್ರು ಪಾಸು."

ಗೋಡೆಗೆ ಒರಗಿದವರು ಈ ಸಲ ನಗಲಿಲ್ಲ.

*

ಕಾರ್ಖಾನೆಯ ಹಿಂಭಾಗದ ಕಾಲೊನಿಯಲ್ಲಿ ನೂರಿಪ್ಪತ್ತು ಒಂದೇ ಅಳತೆಯ ಮನೆಗಳು. ಅವುಗಳಾಚೆ ಕಾರ್ಖಾನೆಯ ಕಲ್ಲುಪುಡಿಯ ಕೆಸರು ತಂದು ಸುರಿದು ಸುರಿದು ಆದ ಬಿಳಿ ದಿಬ್ಬ. ಮೌಲಾಲಿ ಮನೆ ಮುಟ್ಟಿದಾಗ ಅವನ ಹೆಂಡತಿ ಹುಸೇನಬಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಏಳು ವರ್ಷದ ಮಗಳು ಅಫ್ರೀನ್ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದಳು. ಅವನು ಅಂಗಿ ಬಿಚ್ಚಿ ಕೊಟ್ಟ. ಹುಸೇನಬಿ ಎಂದಿನಂತೆ ಅದನ್ನು ಗೋಡೆಗೆ ನಾಲ್ಕು ಸಲ ಜಾಡಿಸಿ ಹೊಡೆದಳು. ಸಂಜೆಯ ಬಿಸಿಲಿನಲ್ಲಿ ಬಿಳಿ ಪುಡಿ ಎದ್ದು ನಿಂತಿತು.

"ಐವತ್ತೆಂಟು ಅಂತ," ಎಂದ.

"ಏನು?"

"ನನ್ನ ಎದ್ಯಾಗಿನ ಕಲ್ಲು. ನೂರಾದ್ರ ಮುಗೀತಂತ."

ಅವಳು ಅಂಗಿ ಹಿಡಿದೇ ನಿಂತಳು. "ಅಂದ್ರ ಇನ್ನ ಎಷ್ಟ ಉಳೀತು?"

"ನಲವತ್ತೆರಡು."

"ಹಂಗಾರ ಇನ್ನೂ ಭಾಳ ಐತಿ," ಎಂದಳು. ಗಂಡ ನಗಲಿ ಎಂದು ಹೇಳಿದ್ದು. ಅವನು ನಕ್ಕ. ಆದರೆ ಉಣ್ಣುವಾಗ ಒಂಬತ್ತು ವರ್ಷಕ್ಕೆ ಐವತ್ತೆಂಟಾದರೆ ವರ್ಷಕ್ಕೆ ಎಷ್ಟು ಎಂದು ಅವಳು ಬೆರಳು ಮಡಚಿ ಎಣಿಸುತ್ತಿದ್ದುದನ್ನು ಅವನು ನೋಡಿದ.

*

ಯಂತ್ರದ ಸುದ್ದಿ ಬೆಂಗಳೂರಿಗೆ ಮುಟ್ಟಿತು. ಸರ್ಕಾರ ಒಂದು ಸಮಿತಿ ಮಾಡಿತು. ಇಂದುಮತಿಯನ್ನು ಕರೆದು ಕೇಳಿದರು. ಅವಳು ಮುನ್ನೂರು ಮಂದಿಯ ಅಂಕೆಗಳನ್ನು ಪರದೆಯ ಮೇಲೆ ತೋರಿಸಿದಳು. ಅವಳ ಕೆಲಸದ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಬಂದಿರಲಿಲ್ಲ.

"ಹಾಗಾದರೆ ಆ ಹಳೆಯ ಪಂಪುಗಳಿಂದ ಪ್ರಯೋಜನವಿಲ್ಲ ಅಂತೀರಾ?" ಅಧ್ಯಕ್ಷರು ಕೇಳಿದರು.

"ಕಾರ್ಮಿಕನ ನಿಜವಾದ ಹೊರೆ ಅವುಗಳಿಂದ ತಿಳಿಯುವುದಿಲ್ಲ," ಎಂದಳು. ವರದಿಯಲ್ಲೂ ಹಾಗೆಯೇ ಬರೆದುಕೊಟ್ಟಳು.

ನಾಲ್ಕು ತಿಂಗಳಲ್ಲಿ ನಿಯಮ ಬಂತು. ಸಿಲಿಕಾ ಧೂಳಿನಲ್ಲಿ ದುಡಿಯುವ ಪ್ರತಿಯೊಬ್ಬರೂ ಆರು ವಾರಕ್ಕೊಮ್ಮೆ ಬಳೆಯಲ್ಲಿ ಮಲಗಬೇಕು. ಎಪ್ಪತ್ತು ದಾಟಿದವರನ್ನು ಧೂಳಿನ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಎಪ್ಪತ್ತರೊಳಗಿದ್ದವರಿಗೆ ಕಾಯಿಲೆ ಬಂದರೆ ಅದಕ್ಕೆ ಕಾರ್ಖಾನೆ ಹೊಣೆಯಲ್ಲ. ಪ್ರತಿಯೊಬ್ಬರ ಅಂಕೆ ಸರ್ಕಾರಿ ಕಾರ್ಡಿನಲ್ಲಿ ದಾಖಲಾಗುತ್ತದೆ. ಮತ್ತು ಕೊನೆಯ ಸಾಲು: ಎದೆಯನ್ನೇ ಅಳೆಯುವುದರಿಂದ ಇನ್ನು ಮುಂದೆ ಗಾಳಿಯನ್ನು ಅಳೆಯಬೇಕಾಗಿಲ್ಲ. ಇಂದುಮತಿ ಆ ಸಾಲನ್ನು ಓದಿದಳು. ಹೇಗೂ ಅದು ಬರೀ ಸೋಗಾಗಿತ್ತು, ಹೋದರೆ ಹೋಗಲಿ ಎಂದುಕೊಂಡಳು.

ಮೂರನೆಯ ಸುತ್ತಿನ ಅಳತೆಗೆ ಬಂದಾಗಲೇ ಅವಳಿಗೆ ಏನಾಗಿದೆ ಎಂಬುದು ತಿಳಿದದ್ದು. ಪಾಲಿಶ್ ವಿಭಾಗದ ಈ ತುದಿಯಿಂದ ಆ ತುದಿ ಕಾಣುತ್ತಿರಲಿಲ್ಲ. ಉಜ್ಜುಗಾಲಿಗಳಿಗೆ ನೀರಿನ ಕೊಳವೆಗಳೇ ಇರಲಿಲ್ಲ. ಬಿಚ್ಚಿ ಮೂಲೆಯಲ್ಲಿ ಸುತ್ತಿಟ್ಟಿದ್ದರು. ಗಾಳಿ ಎಳೆಯುವ ದೊಡ್ಡ ಫ್ಯಾನುಗಳು ನಿಂತಿದ್ದವು. ಅವಳು ನೇರ ಕಂಟ್ರೋಲ್ ರೂಮಿಗೆ ಹೋದಳು. ಮ್ಯಾನೇಜರ್ ಸುಧೀಂದ್ರ ಕಟ್ಟಿ ಧಾರವಾಡದ ಕಡೆಯವರು, ಯಾರ ಮೇಲೂ ದನಿ ಎತ್ತಿದವರಲ್ಲ. ಗಾಜಿನಾಚೆ ಬಿಳಿಯ ಮಂಜಿನಲ್ಲಿ ಆಳುಗಳು ನೆರಳಿನಂತೆ ಓಡಾಡುತ್ತಿದ್ದರು.

"ನೀರು ಯಾಕ ಬಂದ್ ಮಾಡೀರಿ?"

"ಕೂಡ್ರಿ ಮೇಡಂ. ಒಣಾ ಉಜ್ಜಿದ್ರ ಒಂದು ಹಲಗಿಗೆ ಅರ್ಧಾ ತಾಸು ಉಳೀತದ. ಒಣಗಸೂ ಕೆಲಸನ ಇಲ್ಲ."

"ಅವರು ಅದನ್ನ ಉಸಿರಾಡಾಕತ್ತಾರ!"

"ನಿಯಮದಾಗ ನೀರಿನ ಮಾತಿಲ್ಲ. ಎದಿ ಮಾತಷ್ಟ ಅದ," ಎಂದರು ಕಟ್ಟಿ. "ಎಪ್ಪತ್ತು ದಾಟಿದ ಒಬ್ಬ ಮನುಷ್ಯಾನ್ನೂ ನಾವು ಒಳಗ ಬಿಟ್ಟಿಲ್ಲ. ನೀವ ನೋಡಿಕೊಳ್ರಿ. ಮೊದಲು ಸುಳ್ಳ ಇತ್ತು, ಈಗ ಖರೇ ಅದ. ನಿಮ್ಮ ಮಷೀನಿನ ಮ್ಯಾಲೆ ನಮಗ ಪೂರ್ತಿ ನಂಬಿಕಿ ಅದ."

ಅವಳು ಬೆಂಗಳೂರಿಗೆ ಮೂರು ಪತ್ರ ಬರೆದಳು. ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಬಂದ ಉತ್ತರದಲ್ಲಿ ಪಂಪುಗಳಿಂದ ನಿಜವಾದ ಹೊರೆ ತಿಳಿಯುವುದಿಲ್ಲ ಎಂದು ಅವಳೇ ಹಿಂದೆ ಬರೆದಿದ್ದ ವಾಕ್ಯವನ್ನು ಎತ್ತಿ ಬರೆದಿದ್ದರು.

ಮೌಲಾಲಿಯ ಅಂಕೆ ಐವತ್ತೆಂಟರಿಂದ ಅರವತ್ತೊಂದಕ್ಕೆ, ಅರವತ್ತೈದಕ್ಕೆ, ಅರವತ್ತೆಂಟಕ್ಕೆ ಏರಿತು. ಒಂಬತ್ತು ವರ್ಷದಲ್ಲಿ ತುಂಬಿದ್ದರ ಕಾಲು ಭಾಗ ಒಂದೇ ವರ್ಷದಲ್ಲಿ ತುಂಬಿತು. ನಿಯಮ ಬಂದ ಹನ್ನೊಂದನೆಯ ತಿಂಗಳು ಅವನ ಅಂಕೆ ಎಪ್ಪತ್ತೊಂದಾಯಿತು.

"ಇನ್ನೊಮ್ಮಿ ನೋಡ್ರಿ ಮೇಡಂ. ಗಾಲಿ ಬಿಟ್ಟು ಎದ್ದಾವ್ನ ಸೀದಾ ಬಂದು ಮಲಗೀನಿ. ಮೈಮ್ಯಾಲೆ ಧೂಳ ಇರಬೇಕು."

ಮೈ ಒರೆಸಿ ಮತ್ತೆ ಮಲಗಿಸಿದಳು. ಎಪ್ಪತ್ತೊಂದೇ.

"ಇದು ಒಂದ್ ಲೆಕ್ಕಕ್ಕ ಛಲೋನ ಆತು ಮೌಲಾಲಿ," ಎಂದಳು. ಹೇಳುವಾಗಲೇ ತನ್ನ ಮಾತು ತನಗೆ ಹಿಡಿಸಲಿಲ್ಲ. "ಇನ್ನ ಧೂಳಿಗೆ ಹೋಗಬ್ಯಾಡ. ಇಲ್ಲಿಗೇ ನಿಲ್ಲಿಸಿದ್ರ ಇನ್ನೂ ಭಾಳ ವರ್ಷ ಇರ್ತಿ."

"ಇರ್ತೀನ್ರಿ," ಎಂದ ಅವನು ಅಂಗಿ ತೊಡುತ್ತ. "ಏನ್ ಮಾಡ್ಕೋತ ಇರ್ಲಿ, ಅದನ್ನೂ ನೀವ ಹೇಳ್ರಿ."

ಅವನು ಊರೂರು ಅಲೆದ. ಸಿಮೆಂಟಿನ ಗೋದಾಮಿಗೆ ಹೋದ, ಇಟ್ಟಿಗೆ ಭಟ್ಟಿಗೆ ಹೋದ, ಗ್ರಾನೈಟ್ ಲಾರಿ ತುಂಬುವಲ್ಲಿಗೆ ಹೋದ. ಎಲ್ಲರೂ ಕಾರ್ಡು ಕೇಳಿದರು. ಎಪ್ಪತ್ತೊಂದು ನೋಡಿ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಮರಳಿ ಕೊಟ್ಟರು. ನಾಳೆ ಅವನು ತಮ್ಮಲ್ಲಿ ಸತ್ತರೆ ಯಾರ ತಲೆಗೆ ಬರುತ್ತದೋ ಎಂಬ ಹೆದರಿಕೆ. ಕಾಲೊನಿಯಲ್ಲಿ ಅವನಂಥವರಿಗೆ ಒಂದು ಹೆಸರೇ ಬಿತ್ತು. "ತುಂಬಿದವರು" ಎನ್ನುತ್ತಿದ್ದರು. ಸಂಜೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದರು, ಮೂವತ್ತು ಮೂವತ್ತೈದರ ಗಂಡಸರು. ಮನೆಯ ಗಂಡಸು ಕಾರ್ಖಾನೆಯಲ್ಲಿ ಇಲ್ಲದಿದ್ದರೆ ಕಾಲೊನಿಯ ಮನೆ ಬಿಡಬೇಕು, ಇಲ್ಲವೇ ಅವನ ಜಾಗದಲ್ಲಿ ಮನೆಯವರೊಬ್ಬರು ದುಡಿಯಬೇಕು.

"ನಾ ಹೋಗ್ತೀನಿ," ಎಂದಳು ಹುಸೇನಬಿ.

"ಎಲ್ಲಿಗಿ?"

"ನಿನ್ನ ಗಾಲಿಗಿ. ನಂದು ಖಾಲಿ ಐತಲ್ಲ ಎದಿ."

ಮೌಲಾಲಿ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಅವಳನ್ನು ಗೇಟಿನವರೆಗೆ ಬಿಟ್ಟುಬಂದ.

*

ಹೊಸಬರನ್ನು ಅಳೆಯುವುದು ಬರೀ ರೂಢಿ. ಪರದೆಯ ಮೇಲೆ ಒಂದೋ ಎರಡೋ ಬರುತ್ತದೆ, ಕೆಲವೊಮ್ಮೆ ಸೊನ್ನೆ. ಹುಸೇನಬಿ ಸೆರಗನ್ನು ಬಿಗಿ ಮಾಡಿಕೊಂಡು, ಕಣ್ಣು ಮುಚ್ಚಿ ಮಲಗಿದಳು. ಹನ್ನೊಂದು ನಿಮಿಷ ಕಳೆದು ಪರದೆಯ ಮೇಲೆ ಇಪ್ಪತ್ತೊಂಬತ್ತು ಬಂತು.

ಇಂದುಮತಿ ಯಂತ್ರ ಕೆಟ್ಟಿದೆ ಎಂದುಕೊಂಡಳು. ಗಾಜಿನ ಕೊಳವೆಯಲ್ಲಿಟ್ಟ ಅಳತೆಯ ಮಾದರಿಯನ್ನು ಬಳೆಯೊಳಗಿಟ್ಟು ನೋಡಿದಳು. ಸರಿಯಾಗಿತ್ತು. ತಾನೇ ಮಲಗಿದಳು. ಒಂಬತ್ತು. ಅದೂ ಸರಿಯೇ, ವರ್ಷಗಟ್ಟಲೆ ಪಂಪು ಹಿಡಿದು ಧೂಳಿನಲ್ಲಿ ನಿಂತದ್ದಕ್ಕೆ. ಹುಸೇನಬಿಯನ್ನು ಮತ್ತೆರಡು ಸಲ ಮಲಗಿಸಿದಳು. ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತು.

"ನೀ ಮೊದಲು ಎಲ್ಲಿ ಕೆಲಸ ಮಾಡ್ತಿದ್ದಿ?"

"ಎಲ್ಲೂ ಇಲ್ರಿ."

"ಕ್ವಾರಿ? ಕ್ರಷರ್? ತೌರುಮನ್ಯಾಗ?"

"ತೌರುಮನ್ಯಾಗ ಗಾದಿ ಹೊಲೀತಿದ್ದೆ. ಹತ್ತಿ ಕೆಲಸ. ಇಲ್ಲೆ ಬಂದ ಮ್ಯಾಲೆ ಮನ್ಯಾಗ ಇರ್ತೀನ್ರಿ."

ಇಂದುಮತಿ ಯಂತ್ರ ನಿಲ್ಲಿಸಿ ಅವಳ ಜೊತೆ ಮನೆಗೆ ನಡೆದಳು. ಹತ್ತು ವರ್ಷದಿಂದ ಆ ಕಾರ್ಖಾನೆಗೆ ಬರುತ್ತಿದ್ದರೂ ಅವಳು ಹಿಂದಿನ ಗೋಡೆ ದಾಟಿ ಕಾಲೊನಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಗಾಳಿ ದಿಬ್ಬದ ಕಡೆಯಿಂದ ಬೀಸುತ್ತಿತ್ತು. ಒಬ್ಬ ಹೆಂಗಸು ಅಂಗಳದಲ್ಲಿ ರಂಗೋಲಿ ಬಿಡುತ್ತಿದ್ದಳು. ಪುಡಿ ಎಲ್ಲಿಯದು ಎಂದು ಕೇಳಿದರೆ ದಿಬ್ಬದ ಕಡೆ ಕೈ ತೋರಿಸಿದಳು. ಇನ್ನೊಂದು ಮನೆಯಲ್ಲಿ ಗಂಡನ ಬಟ್ಟೆ ಗೋಡೆಗೆ ಹೊಡೆಯುವ ಸದ್ದು. ಹುಸೇನಬಿಯ ಹಿತ್ತಲಲ್ಲಿ ಒಂದು ತಗಡಿನ ಡಬ್ಬಿ ತುಂಬ ಅದೇ ಬಿಳಿ ಪುಡಿ ಇತ್ತು.

"ಇದ್ಯಾಕ?"

"ಪಾತ್ರಿಗ್ರಿ. ಸಾಬೂನು ಬ್ಯಾಡ, ಏನೂ ಬ್ಯಾಡ. ಭಾಳ ಹೊಳೀತಾವು," ಎಂದು ಹುಸೇನಬಿ ಒಂದು ತಾಟನ್ನು ಎತ್ತಿ ತೋರಿಸಿದಳು. ತಾಟು ನಿಜಕ್ಕೂ ಹೊಳೆಯುತ್ತಿತ್ತು.

ಆ ವಾರವೆಲ್ಲ ಇಂದುಮತಿ ಕಾಲೊನಿಯವರನ್ನು ಅಳೆದಳು. ಕಾರ್ಖಾನೆಯೊಳಗೆ ಒಮ್ಮೆಯೂ ಕಾಲಿಡದ ನಲವತ್ತಾರು ಹೆಂಗಸರ ಸರಾಸರಿ ಮೂವತ್ತಮೂರು ಬಂತು. ಮಕ್ಕಳನ್ನೂ ಕರೆದಳು. ಅಫ್ರೀನ್ ಬಳೆಯೊಳಗೆ ಮಲಗಿ, ಇದು ತಿರುಗುತ್ತದೆಯೇ ಎಂದು ಕೇಳಿದಳು. ಅವಳದು ಹದಿನಾಲ್ಕು.

ಮೌಲಾಲಿ ಬಾಗಿಲಲ್ಲಿ ನಿಂತಿದ್ದ. ಮಗಳ ಅಂಕೆಯನ್ನು ಅವನೇ ಓದಿದ. "ಮೇಡಂ," ಎಂದ, "ಈಗರ ಯಾರರ ಬಂದು ನೋಡ್ತಾರೇನ್ರಿ?"

"ನೋಡ್ತಾರ," ಎಂದಳು ಇಂದುಮತಿ. "ಇದನ್ನ ಯಾರೂ ಇಲ್ಲ ಅನ್ನಾಕ ಬರೂದಿಲ್ಲ."

*

ಇಲ್ಲ ಎಂದು ನಿಜಕ್ಕೂ ಯಾರೂ ಅನ್ನಲಿಲ್ಲ. ಸಮಿತಿ ಒಂದೇ ತಿಂಗಳಲ್ಲಿ ಸೇರಿತು. ಅವಳ ವರದಿಯ ಪ್ರತಿ ಎಲ್ಲರ ಮುಂದಿತ್ತು. ಕಟ್ಟಿಯವರೂ ಬಂದಿದ್ದರು. ಅವಳು ಮಾತು ಮುಗಿಸಿದಾಗ ಅವರೇ ಮೊದಲು ಎದ್ದು ನಿಂತು, ಇಂಥ ಶ್ರಮದ ಅಧ್ಯಯನಕ್ಕೆ ಆಡಳಿತ ಮಂಡಳಿ ಆಭಾರಿಯಾಗಿದೆ ಎಂದರು.

"ವರದಿಯ ನಾಲ್ಕನೆಯ ಪುಟದಲ್ಲಿ ಒಂದು ವಾಕ್ಯ ಇದೆ," ಎಂದು ಅವರು ಓದಿದರು. "'ಈ ಮಹಿಳೆಯರು ಕಾರ್ಖಾನೆಯೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ.' ಇದು ಸರಿಯೇ ಮೇಡಂ?"

"ಸರಿ."

"ಅಂದರೆ ಕಾರ್ಖಾನೆಯಲ್ಲಿ ಕೆಲಸವನ್ನೇ ಮಾಡದವರಲ್ಲಿ ಮೂವತ್ತಮೂರು ಇದೆ. ಅದು ಆ ಊರಿನ ಗಾಳಿಯಲ್ಲೇ ಇರುವಂಥದ್ದು. ಹಾಗಿದ್ದಾಗ ನಮ್ಮ ಕೆಲಸಗಾರರ ಎಪ್ಪತ್ತರಲ್ಲಿ ಆ ಮೂವತ್ತಮೂರನ್ನೂ ನಮ್ಮ ಮೇಲೆ ಹೇರುವುದು ನ್ಯಾಯವೇ?"

ಇಂದುಮತಿ ಎದ್ದು ನಿಂತಳು. "ಆ ಗಾಳಿಗೆ ಧೂಳು ಬಂದದ್ದು ಎಲ್ಲಿಂದ? ಆ ದಿಬ್ಬ ಯಾರದು? ಆ ಬಟ್ಟೆ ಯಾರ ಕಾರ್ಖಾನೆಯಿಂದ ಮನೆಗೆ ಬಂದದ್ದು?"

"ಅದನ್ನು ತೋರಿಸುವ ಗಾಳಿಯ ಮಾದರಿಗಳು ನಿಮ್ಮಲ್ಲಿವೆಯೇ?" ಅಧ್ಯಕ್ಷರು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು.

ಇರಲಿಲ್ಲ. ಗಾಳಿಯನ್ನು ಅಳೆಯುವುದನ್ನು ನಿಲ್ಲಿಸಿ ಎರಡನೆಯ ವರ್ಷ ನಡೆಯುತ್ತಿತ್ತು. ಪಂಪುಗಳು ಯಾವುದೋ ಉಗ್ರಾಣದಲ್ಲಿದ್ದವು. ಆರು ತಿಂಗಳು ಕೊಡಿ, ಅಳೆದು ತರುತ್ತೇನೆ ಎಂದಳು. ಅಳೆಯಿರಿ, ಯಾರೂ ಬೇಡವೆನ್ನುವುದಿಲ್ಲ, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಒಂದು ತೀರ್ಮಾನ ಬೇಕಲ್ಲ ಎಂದರು ಅಧ್ಯಕ್ಷರು. ಸಂಜೆಯೊಳಗೆ ತೀರ್ಮಾನವಾಯಿತು. ಪ್ರತಿಯೊಬ್ಬರ ಅಂಕೆಯಿಂದ ಊರ ಗಾಳಿಯ ಪಾಲು ಎಂದು ಮೂವತ್ತಮೂರನ್ನು ಕಳೆಯಬೇಕು. ಉಳಿದದ್ದು ಮಾತ್ರ ಕಾರ್ಖಾನೆಯ ಲೆಕ್ಕ. ಮಿತಿ ಮೊದಲಿನಂತೆ ಎಪ್ಪತ್ತು.

ಬಾಗಿಲಲ್ಲಿ ಕಟ್ಟಿ ಅವಳಿಗಾಗಿ ಕಾದಿದ್ದರು. "ಸಿಟ್ಟು ಮಾಡ್ಕೋಬ್ಯಾಡ್ರಿ ಮೇಡಂ. ಇದರಿಂದ ಎಷ್ಟ ಮಂದಿ ಮತ್ತ ಕೆಲಸಕ್ಕ ಬರ್ತಾರ ಗೊತ್ತದೇನು ನಿಮಗ? ಇನ್ನೂರಾ ಹತ್ತು ಮಂದಿ. ಅವರನ್ನ ಹೋಗಿ ಕೇಳ್ರಿ."

ಅವಳು ಹೋದಳು, ಕೇಳುವುದಕ್ಕಲ್ಲ, ಹೇಳುವುದಕ್ಕೆ. ಮರುದಿನ ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ನಿಲ್ದಾಣದ ಕಟ್ಟೆ ಖಾಲಿಯಿತ್ತು. ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಕಾಲೊನಿಯಲ್ಲಿ ಹಬ್ಬದ ಗದ್ದಲ. ಯಾರೋ ಧ್ವನಿವರ್ಧಕ ಕಟ್ಟಿದ್ದರು. ಮೌಲಾಲಿಯ ಮನೆಯಲ್ಲಿ ಹುಸೇನಬಿ ದೊಡ್ಡ ಬೋಗಾಣಿಯಲ್ಲಿ ಶಿರಾ ಮಾಡಿದ್ದಳು. ಅವನು ಕೆಲಸದ ಬಟ್ಟೆ ಹೊರಗೆ ತೆಗೆದು ಹರಿದ ತೋಳಿಗೆ ಹೊಲಿಗೆ ಹಾಕುತ್ತಿದ್ದ.

"ಬರ್ರಿ ಮೇಡಂ, ಬರ್ರಿ! ನಿಮ್ಮ ದೆಸಿಯಿಂದ ಮತ್ತ ಒಳಗ ಹೊಂಟೀನಿ. ಮೂವತ್ತೆಂಟಂತ್ರಿ ಈಗ ನಂದು."

ಅಫ್ರೀನ್ ತಾಟಿನಲ್ಲಿ ಶಿರಾ ತಂದುಕೊಟ್ಟಳು. ಇಂದುಮತಿ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು, ತಿನ್ನಲಿಲ್ಲ.

"ಮೌಲಾಲಿ, ನನ್ನ ಮಾತ ಕೇಳು. ಅದು ಬರೇ ಕಾಗದದ ಮ್ಯಾಲೆ ಕಳದದ್ದು. ನಿನ್ನ ಎದ್ಯಾಗ ಎಪ್ಪತ್ತೊಂದ ಐತಿ. ಅದರಾಗಿಂದ ಒಂದು ಕಣಾ ಸೈತ ಕಡಿಮಿ ಆಗಿಲ್ಲ. ಮತ್ತ ಆ ಗಾಲಿ ಮುಂದ ನಿಂತ್ರ ನೂರ ಆಗೂತನಕ ಎದಿ ತಾಳೂದಿಲ್ಲ. ಒಂದ ವರ್ಷ, ಹೆಚ್ಚಂದ್ರ ಒಂದೂವರಿ ವರ್ಷ."

ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟ.

"ಗೊತ್ತೈತ್ರಿ," ಎಂದ. "ಎದಿ ನಂದಲ್ಲೇನ್ರಿ? ನೀರಿನ ಕೊಡ ತಗೊಂಡು ಬಾಗಲಾ ದಾಟೂದ್ರಾಗ ದಮ್ ಹತ್ತಿ ನಿಂದರ್ತೀನಿ. ಯಾರೂ ಅಳದ ಹೇಳಬೇಕಾಗಿಲ್ಲ ನನಗ."

"ಮತ್ಯಾಕ ಹೊಂಟಿ?"

"ಮನ್ಯಾಗ ಕುಂತ್ರ ಏನ್ ಭಾಳ ವರ್ಷ ಇರ್ತೀನೇನ್ರಿ? ಈ ಗಾಳ್ಯಾಗ? ಹೊರಗ ಹೋದ್ರ ಎಲ್ಲಿಗಿ ಹೋಗ್ಲಿ? ಕಾರ್ಡ ನೋಡಿದಾವ್ರು ನೆಳ್ಳಿಗಿ ಸೈತ ನಿಂದರ್ಸೂದಿಲ್ಲ." ಅವನು ಹುಸೇನಬಿಯ ಕಡೆ ನೋಡಿ ದನಿ ಇಳಿಸಿದ. "ನಾ ಹೋದ್ರ ಆಕಿ ಹೋಗೂದು ತಪ್ಪತೈತಿ. ಅಷ್ಟ."

ಒಳಗಿದ್ದ ಹುಸೇನಬಿಗೆ ಅದು ಕೇಳಿತ್ತು. ಅವಳು ಇಂದುಮತಿಯ ತಾಟಿಗೆ ಇನ್ನೊಂದು ಚಮಚ ಶಿರಾ ಹಾಕಿದಳು.

*

ಮೂವತ್ತಮೂರು ಇದ್ದರೆ ಸೊನ್ನೆ ಎಂದು ತೋರಿಸುವಂತೆ ಯಂತ್ರವನ್ನು ಬದಲಿಸಲು ಇಂದುಮತಿ ಒಪ್ಪಲಿಲ್ಲ. ಯಂತ್ರ ತಯಾರಿಸುತ್ತಿದ್ದ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದು ಒಂದು ಸಂಖ್ಯೆ ಒತ್ತಿ, ಚಹಾ ಕುಡಿದು ಹೋದ. ಅವಳು ರಾಜೀನಾಮೆ ಬರೆದಿದ್ದಳು, ಕೊಡಲಿಲ್ಲ. ಪರದೆಯ ಮೇಲೆ ಬರುವುದು ಕಳೆದ ಅಂಕೆ. ಯಂತ್ರದೊಳಗೆ ಹೋಗಿ ಹುಡುಕಿದರೆ ಕಳೆಯುವ ಮೊದಲಿನ ಅಂಕೆ ಇರುತ್ತದೆ. ಅದನ್ನು ತೆಗೆದು ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ಕೇಳಿದವರಿಗೆ ನಿಜ ಹೇಳಲು ಒಬ್ಬರಾದರೂ ಇರಲಿ ಎಂದು ಉಳಿದಳು. ಮೊದಲ ಆರು ತಿಂಗಳು ಯಾರೂ ಕೇಳಲಿಲ್ಲ.

ರಜೆಯ ದಿನಗಳಲ್ಲಿ ಅವಳು ಉಗ್ರಾಣದಿಂದ ಎರಡು ಪಂಪು ಬಿಡಿಸಿ ತಂದು ಕಾಲೊನಿಯ ಗಾಳಿಯನ್ನು ಅಳೆದಳು. ಆರು ತಿಂಗಳ ಹಾಳೆಗಳನ್ನು ತೂಗಿ, ದಿಬ್ಬದ ಪುಡಿಯೊಡನೆ ಹೋಲಿಸಿ, ಎರಡೂ ಒಂದೇ ಎಂದು ಬರೆದು ಕಳಿಸಿದಳು. ಅಷ್ಟರಲ್ಲಿ ಸಮಿತಿಯ ಅವಧಿ ಮುಗಿದಿತ್ತು. ಹೊಸ ಸಮಿತಿ ಇನ್ನೂ ಆಗಿರಲಿಲ್ಲ. ಕಾಲೊನಿಯ ಹೆಂಗಸರಿಗೆ ಅವಳು ಒಂದಿಷ್ಟು ಕಲಿಸಿದಳು. ಬಟ್ಟೆ ಜಾಡಿಸಬೇಡಿ, ಅಂಗಳದಲ್ಲೇ ನೀರಿಗೆ ಹಾಕಿ. ಪುಡಿಯಿಂದ ಪಾತ್ರೆ ತಿಕ್ಕಬೇಡಿ, ರಂಗೋಲಿ ಹಾಕಬೇಡಿ. ಅವರು ಕೇಳಿದರು, ಮಾಡಿದರು. ಗಾಳಿ ಮಾತ್ರ ದಿಬ್ಬದ ಕಡೆಯಿಂದಲೇ ಬೀಸುತ್ತಿತ್ತು.

ಮೌಲಾಲಿ ಹದಿನಾಲ್ಕು ತಿಂಗಳು ದುಡಿದ. ಕೊನೆಯ ಎರಡು ತಿಂಗಳು ಗಾಲಿಯ ಮುಂದೆ ಡಬ್ಬ ಇಟ್ಟುಕೊಂಡು ಕೂತು ಉಜ್ಜುತ್ತಿದ್ದ. ಒಂದು ಶುಕ್ರವಾರ ಮಧ್ಯಾಹ್ನ, ನಮಾಜಿಗೆ ಹೋಗಲು ಎದ್ದವನು ಮತ್ತೆ ಕೂತ. ಜೊತೆಯವರು ಎತ್ತಿಕೊಂಡು ಹೊರಗೆ ತಂದರು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಸಾಯುವ ಮೂರು ವಾರ ಮೊದಲು ಅಳೆದಾಗ ಅವನ ಅಂಕೆ ಐವತ್ತನಾಲ್ಕು ಇತ್ತು. ಕಾರ್ಖಾನೆ ಕೊಟ್ಟ ಪತ್ರದಲ್ಲಿ, ಮೃತನ ಧೂಳಿನ ಪ್ರಮಾಣ ಮಿತಿಯೊಳಗಿದ್ದುದರಿಂದ ಸಾವಿಗೆ ಕೆಲಸ ಕಾರಣವಲ್ಲ ಎಂದು ಬರೆದಿತ್ತು. ಇಂದುಮತಿ ಕಳೆಯುವ ಮೊದಲಿನ ಅಂಕೆ ತೆಗೆದು, ಎಂಬತ್ತೇಳು ಎಂದು ತನ್ನ ಸಹಿಯೊಂದಿಗೆ ಬರೆದುಕೊಟ್ಟಳು. ನಿಯಮದಲ್ಲಿ ಅಂಥ ಅಂಕೆ ಇಲ್ಲವೆಂದು ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಹುಸೇನಬಿ ಗೇಟಿಗೆ ಬಂದಳು. ಬಳೆಯಲ್ಲಿ ಮಲಗಿದಳು. ಪರದೆಯ ಮೇಲೆ ಸೊನ್ನೆ ಬಂತು.

"ಸೊನ್ನೆ ಐತ್ರಿ ನಂದು," ಎಂದು ಗೇಟಿನ ಗುಮಾಸ್ತನಿಗೆ ಚೀಟಿ ತೋರಿಸಿದಳು. ಅವನು ಮುದ್ರೆ ಒತ್ತಿದ. ಅವಳಿಗೆ ಗಂಡನ ಗಾಲಿಯನ್ನೇ ಕೊಟ್ಟರು.

ಅದಾಗಿ ಒಂದು ವರ್ಷ ಆಗಿರಬೇಕು. ಪಾಲಿಶ್ ವಿಭಾಗದ ಅಳತೆಯ ದಿನ. ಈಗ ಅಲ್ಲಿ ಅರ್ಧಕ್ಕರ್ಧ ಹೆಂಗಸರು. ಹುಸೇನಬಿ ಬಳೆಯಿಂದ ಎದ್ದು ತಲೆಗೆ ಬಟ್ಟೆ ಸುತ್ತಿಕೊಂಡಳು. ಪರದೆಯ ಮೇಲೆ ಹದಿನಾರು ಇತ್ತು. ಅವಳು ಹೊರಡಲಿಲ್ಲ.

"ಮೇಡಂ, ಖರೇದ್ದು ಎಷ್ಟ್ರಿ ನಂದು?"

ಇಂದುಮತಿ ಯಂತ್ರದ ಒಳಪಟ್ಟಿ ತೆರೆದು ನೋಡಿದಳು. "ನಲವತ್ತೊಂಬತ್ತು."

ಹುಸೇನಬಿ ಮನಸ್ಸಿನಲ್ಲೇ ಏನನ್ನೋ ಎಣಿಸಿದಳು. "ಹ್ಞೂಂ. ನಾನೂ ಅಷ್ಟ ತಿಳಕೊಂಡಿದ್ದೆ."

"ಅಫ್ರೀನ್‌ನ ಒಮ್ಮಿ ಕರ್ಕೊಂಡ ಬಾ ಹುಸೇನಬಿ. ಅವಾಗ ಹದಿನಾಲ್ಕು ಇತ್ತು. ಈಗ ಎಷ್ಟ ಆಗೇತಿ ನೋಡೂಣು."

ಹುಸೇನಬಿ ಮಂಚದ ಅಂಚನ್ನು ಹಿಡಿದುಕೊಂಡಳು.

"ಬ್ಯಾಡ್ರಿ," ಎಂದಳು. "ನಂದು ತಿಳಕೊಂಡೆ, ಸಾಕು. ಆಕೀದು ತಿಳಕೊಂಡು ಏನ್ ಮಾಡ್ಲ್ರಿ ನಾನು?"

ಎರಡನೆಯ ಪಾಳಿಯ ಸೈರನ್ ಕೂಗಿತು. ಅವಳು ಬಟ್ಟೆಯ ತುದಿಯನ್ನು ಮೂಗಿನ ಮೇಲೆ ಎಳೆದು ಕಟ್ಟಿಕೊಂಡು ಒಳಗೆ ಹೋದಳು. ಬಾಗಿಲಿಂದ ಹತ್ತು ಹೆಜ್ಜೆ ದೂರದವರೆಗೆ ಅವಳ ಬೆನ್ನು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಇಂದುಮತಿ ಮುಂದಿನವಳ ಹೆಸರು ಕರೆದಳು.